ಅಪ್‌ಡೇಟ್: ಆಟದ ನಡುವೆ ಕಡಿತಗೊಳ್ಳುತ್ತಿದ್ದ ಬ್ರಾಡ್‌ಬ್ಯಾಂಡ್ ಸರಿಹೋಯಿತು

ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ವಿಡಿಯೊ ಸರಾಗವಾಗಿ ಓಡಿದರೂ ಆನ್‌ಲೈನ್ ಆಟ ಆಡುವಾಗ ಫೈಬರ್ (ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಬರುವ ಇಂಟರ್ನೆಟ್) ಸಂಪರ್ಕ ಪದೇ ಪದೇ ಕಡಿತಗೊಳ್ಳುತ್ತದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ನೋಡಿ ಎಂದು ಹಲವರು ಸೂಚಿಸಿದ್ದಿರಿ. ಹಾಗೆಯೇ ಮಾಡಿ, ರೌಟರಿನ 192.168.1.1 ವಿಳಾಸಕ್ಕೂ ಹೊರಗಿನ 8.8.8.8 (ಗೂಗಲ್‌ನ ಸರ್ವರ್) ವಿಳಾಸಕ್ಕೂ ಏಕಕಾಲದಲ್ಲಿ ಪಿಂಗ್ (ಉತ್ತರ ಬರುತ್ತದೆಯೇ, ಎಷ್ಟು ಬೇಗ ಬರುತ್ತದೆ ಎಂದು ನೋಡುವ ಪರೀಕ್ಷೆ) ಓಡಿಸಿಟ್ಟೆ. ಆಟ ನಿಂತಾಗಲೆಲ್ಲ ರೌಟರ್ 1 ಮಿಲಿಸೆಕೆಂಡಿನಲ್ಲೇ ಉತ್ತರಿಸುತ್ತಿತ್ತು, ಹೊರಗಿನಿಂದ ಮಾತ್ರ ಉತ್ತರ ಬರುತ್ತಿರಲಿಲ್ಲ; ಆದ್ದರಿಂದ ದೋಷ ವೈಫೈಯದಲ್ಲ ಎಂಬುದು ಖಚಿತವಾಯಿತು. ವಿಡಿಯೊ ಮೊದಲೇ ಸ್ವಲ್ಪ ಮುಂದಕ್ಕೆ ತುಂಬಿಕೊಳ್ಳುವುದರಿಂದ ಅದರಲ್ಲಿ ಈ ಸಣ್ಣ ಕಡಿತಗಳು ಕಾಣುತ್ತಿರಲಿಲ್ಲ, ಅಷ್ಟೆ.

ರೌಟರಿನ ಪುಟದಲ್ಲಿ ಒಳಬರುವ ಬೆಳಕಿನ ಮಟ್ಟ ಮೈನಸ್ 29 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ) ಎಂದಿತ್ತು. ಸಾಮಾನ್ಯವಾಗಿ ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕವನ್ನು ನಂಬುವಂತಿಲ್ಲ. ಈ ಅಂಕಿಯನ್ನು ತೋರಿಸಿದ ಮೇಲೆಯೇ ಲೈನ್‌ಮನ್ ಬಂದರು. ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪೈಪಿಗೆ ಬಿಗಿದು ಕಟ್ಟಿದ್ದ ಕಡೆ ಫೈಬರ್ ತೀರಾ ಮಡಚಿಕೊಂಡಿತ್ತು. ಗಾಜಿನ ಎಳೆ ಹಾಗೆ ಬಾಗಿದಾಗ ಬೆಳಕು ಹೊರಗೆ ಸೋರಿಹೋಗುತ್ತದೆ. ಆ ಭಾಗವನ್ನು ಕತ್ತರಿಸಿ ಸ್ಪ್ಲೈಸ್ ಮಾಡಿದ (ತುದಿಗಳನ್ನು ಮತ್ತೆ ಜೋಡಿಸಿದ) ಬಳಿಕ ಮಟ್ಟ ಮೈನಸ್ 21ಕ್ಕೆ ಏರಿತು, ಹತ್ತು ದಿನಗಳಿಂದ ಸಂಪರ್ಕ ಒಮ್ಮೆಯೂ ಕಡಿದಿಲ್ಲ. ಕೇಬಲ್ ಹಾಕಿ ನೋಡಲು ಒತ್ತಾಯಿಸಿದವರಿಗೆ ಹೃತ್ಪೂರ್ವಕ ಕೃತಜ್ಞತೆಗಳು.