ಕಿವಿಗೊಂದು ಕಿವಿ: ‘ಹೃತ್ಕರ್ಣ’ದ ಚೀಲಕ್ಕೆ ಏನೆನ್ನೋಣ?

ಹೃದ್ರೋಗಿಗಳಿಗೆ ಕೊಡುವ ನಾಲ್ಕು ಪುಟದ ತಿಳಿವಳಿಕೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರನೆಯ ಪುಟದ ಒಂದು ಪದಕ್ಕೆ ಸಿಕ್ಕಿಕೊಂಡು ಎರಡು ದಿನವಾಯಿತು. ಬಲ್ಲವರು ಬಿಡಿಸಿಕೊಡಬೇಕು.

ಹೃದಯದ ಮೇಲಿನ ಎರಡು ಕೋಣೆಗಳಿಗೆ ನಮ್ಮ ಪಠ್ಯಪುಸ್ತಕಗಳು ‘ಹೃತ್ಕರ್ಣ’ ಎನ್ನುತ್ತವೆ, ಕೆಳಗಿನವಕ್ಕೆ ‘ಹೃತ್ಕುಕ್ಷಿ’. ವೆಂಟ್ರಿಕಲ್ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಹೊಟ್ಟೆ; ಕುಕ್ಷಿಯೂ ಹೊಟ್ಟೆಯೇ. ಅದರ ಬಗ್ಗೆ ತಕರಾರಿಲ್ಲ. ಮೇಲಿನ ಕೋಣೆಯನ್ನು ಹಿಂದೆ ಆರಿಕಲ್ ಎನ್ನುತ್ತಿದ್ದರು, ಅಂದರೆ ಪುಟ್ಟ ಕಿವಿ. ನಮ್ಮ ಕರ್ಣ ಅದರ ನೆರಳು. ಆಮೇಲೆ ವೈದ್ಯರು ಕೋಣೆಗೆ ಏಟ್ರಿಯಂ ಎಂಬ ಹೆಸರನ್ನೇ ಗಟ್ಟಿ ಮಾಡಿ, ಅದರ ಪಕ್ಕಕ್ಕೆ ನಾಯಿಯ ಕಿವಿಯಂತೆ ಜೋತುಬಿದ್ದ ಸಣ್ಣ ಚೀಲಕ್ಕೆ ಮಾತ್ರ ಆರಿಕಲ್ ಎಂಬುದನ್ನು ಉಳಿಸಿದರು. ನಾವು ಇಂದಿಗೂ ಇಡೀ ಕೋಣೆಯನ್ನೇ ಕಿವಿ ಎನ್ನುತ್ತಿದ್ದೇವೆ.

ಶಾಲೆಯ ಪರೀಕ್ಷೆಗೆ ಇದರಿಂದ ನಷ್ಟವಿಲ್ಲ. ನನ್ನ ಪತ್ರದಲ್ಲಿರುವುದು ಆ ಚೀಲದ ಮಾತೇ. ಹೃತ್ಕರ್ಣ ಲಯ ತಪ್ಪಿ ಅದುರತೊಡಗಿದರೆ ರಕ್ತ ಎಡಗಡೆಯ ಚೀಲದಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಮಿದುಳಿನ ರಕ್ತನಾಳ ಸೇರಿದರೆ ಪಾರ್ಶ್ವವಾಯು, ನಮ್ಮ ಕಡೆಯವರ ಬಾಯಲ್ಲಿ ಲಕ್ವ. ‘ಎಡ ಹೃತ್ಕರ್ಣದ ಕರ್ಣ’ ಎಂದು ಬರೆದೆ; ಕಿವಿಗೆ ಕಿವಿ ಮೂಡಿತು. ‘ಉಪಾಂಗ’ ಎಂದೆ, ಓದಿದವರು ಹೃದಯಕ್ಕೆ ಕೈಕಾಲು ಹುಡುಕಿಯಾರು. ‘ಕರ್ಣಿಕೆ’ ಕೇಳಲು ಚೆಂದ, ಆದರೆ ಕಮಲದ ನಡುಭಾಗಕ್ಕೂ ಕಿವಿಯ ಆಭರಣಕ್ಕೂ ಅದೇ ಹೆಸರು.

ಕೊನೆಗೆ ಚಿತ್ರವನ್ನು ಅವ್ವನ ಮುಂದೆ ಹಿಡಿದೆ. ಕನ್ನಡಕ ಏರಿಸಿಕೊಂಡು ನೋಡಿ, “ಇದು ಚಂಚಿ ಇದ್ದಂತೆ ಇದೆಯಲ್ಲ” ಎಂದಳು. ಚಂಚಿ ಎಂದರೆ ಕೊಪ್ಪಳದ ಈ ಸೀಮೆಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಡುವ ಬಟ್ಟೆಯ ಚೀಲ. ಅವ್ವನ ಚಂಚಿಯಲ್ಲಿ ಮಡಿಕೆಯೊಳಗೆ ಮಡಿಕೆ. ತಳಕ್ಕೆ ಸೇರಿದ ಅಡಿಕೆ ಚೂರು ಕೊಡವಿದರೂ ಹೊರಬರುವುದಿಲ್ಲ. ಹೃದಯದ ಈ ಚೀಲದ ಒಳಗೋಡೆಯೂ ನುಣುಪಲ್ಲ, ಬಾಚಣಿಗೆಯ ಹಲ್ಲಿನಂತೆ ಸ್ನಾಯುಗಳು ಸಾಲುಗಟ್ಟಿ ಎದ್ದಿರುತ್ತವೆ. ಅವ್ವನಿಗೆ ನಾನು ಅದನ್ನು ಹೇಳಿರಲಿಲ್ಲ.

ಇನ್ನು ಏಟ್ರಿಯಂ ಎಂದರೆ ರೋಮನ್ನರ ಮನೆಯ ಮುಂಭಾಗದ ಹಜಾರ. ಮಾಡಿನ ನಡುವೆ ತೆರಪು, ಕೆಳಗೆ ಮಳೆನೀರಿನ ತೊಟ್ಟಿ. ನಮ್ಮಲ್ಲಿ ಪಡಸಾಲೆ ಎನ್ನಬಹುದು: ಬಂದವರು ಅಲ್ಲಿ ಕುಳಿತು ಆಮೇಲೆ ಒಳಕ್ಕೆ ಹೋಗುತ್ತಾರೆ, ರಕ್ತವೂ ಹಾಗೆಯೇ. ಮುಂದಿನ ವಾಲ್ವಿಗೆ ನಾವನ್ನುವ ‘ಕವಾಟ’ವೂ ಸಂಸ್ಕೃತದಲ್ಲಿ ಬಾಗಿಲೇ. ಆದರೆ ‘ಎಡ ಪಡಸಾಲೆ ಹಿಗ್ಗಿದೆ’ ಎಂದು ವರದಿಯಲ್ಲಿ ಬರೆಯುವ ಧೈರ್ಯ ನನಗಿಲ್ಲ. ಹೃತ್ಕರ್ಣ ಬೇರೂರಿದೆ, ಇರಲಿ.

ಮಿದುಳಿನ ನಾಲ್ಕು ವೆಂಟ್ರಿಕಲ್‌ಗಳಿಗೆ ಮಾತ್ರ ಕುಕ್ಷಿ ಬೇಡ, ‘ಕುಹರ’ ಸಾಕು. ಅವು ಹೃದಯದಂತೆ ಹಿಂಡುವುದಿಲ್ಲ, ದ್ರವ ತುಂಬಿಕೊಂಡಿರುತ್ತವೆ ಅಷ್ಟೆ. ‘ಕೋಶ’ವನ್ನಂತೂ ಮುಟ್ಟಲೇಬಾರದು. ಶ್ವಾಸಕೋಶ, ಮೂತ್ರಕೋಶ, ಗರ್ಭಕೋಶ, ಜೀವಕೋಶ, ಸಾಲದ್ದಕ್ಕೆ ನಿಘಂಟೂ ಕೋಶ! ಕೆನ್ನೆಯ ಎಲುಬಿನೊಳಗಿನ ಟೊಳ್ಳಾದ ಸೈನಸ್‌ಗೆ ನನಗೆ ಹೊಳೆಯುವುದು ನೆಲದೊಳಗೆ ತೋಡಿ ಜೋಳ ತುಂಬುತ್ತಿದ್ದ ಹಗೇವು. ಆ ಸೈನಸ್ಸಿನ ಕಿಂಡಿಯೂ ಹಗೇವಿನ ಬಾಯಿಯಂತೆ ಕಿರಿದು, ಮೇಲ್ಗಡೆಗೇ ಇದೆ. ಕುಳಿತಾಗ, ನಿಂತಾಗ ಕಫ ಸಲೀಸಾಗಿ ಇಳಿದುಹೋಗದಿರುವುದು ಅದರಿಂದಲೇ.

ಕೇಳಬೇಕಾದದ್ದು ಇಷ್ಟು. ಆ ಚೀಲಕ್ಕೆ ಬೇರೆಯದೇ ಕನ್ನಡ ಪದವನ್ನು ಯಾರಾದರೂ ಅಚ್ಚಿನಲ್ಲಿ ಕಂಡಿದ್ದೀರಾ? ಇಲ್ಲವಾದರೆ ಚಂಚಿಯ ಇನ್ನೊಂದು ರೂಪ ಹಿಡಿದು ‘ಹೃತ್ಕರ್ಣದ ಸಂಚಿ’ ಎಂದರೆ ಮೈಸೂರು, ಮಂಗಳೂರು ಕಡೆಯವರಿಗೂ ತಿಳಿದೀತೇ? ಚಂಚಿ ಎಂದೇ ಬರೆಯುವ ಆಸೆ ನನ್ನದು, ಆದರೆ ಪತ್ರ ಕೊಪ್ಪಳಕ್ಕಷ್ಟೇ ಹಂಚುವುದಲ್ಲ.