ಅರವತ್ತೊಂದಕ್ಕ ಗಾಲ್ಫ್ ಕಲೀಲಾಕ ಬರ್ತದೇನ್ರಿ?

ಬೀದರ್ ಮಾಸ್ತರ:
ಎಲ್ಲಾರಿಗೂ ನಮಸ್ಕಾರ್ರಿ. ಗಣಿತ ಕಲಿಸಿ ಹೋದ ವರ್ಷ ನಿವೃತ್ತಿ ಆದೆ. ದೀಪಾವಳಿಗೆ ಹೈದ್ರಾಬಾದ್‌ದಾಗ ಮಗಳ ಮನಿಗೆ ಹೋದಾಗ ಅಳಿಯಂದಿರು ಡ್ರೈವಿಂಗ್ ರೇಂಜಿಗೆ (ಗಾಲ್ಫ್ ಚೆಂಡು ಹೊಡದು ಅಭ್ಯಾಸ ಮಾಡೋ ಜಾಗ) ಕರ್ಕೊಂಡು ಹೋದ್ರು. ಐವತ್ತು ಚೆಂಡು ಹೊಡದೆ. ಮೂರೇ ಮೂರು ಸರಿ ಎದ್ದು ಹೋದ್ವು. ಆ ಮೂರರ ಸಪ್ಪಳ ಇನ್ನೂ ಅಂಗೈಯಾಗ ಅದ. ಉಳಿದವು ಚಿಣಿಪಣಿ ಚಿಣಿ ಹಂಗ ನೆಲ ಹಿಡಿದು ಓಡಿದ್ವು. ಮೇಲೆತ್ತಲಾಕ ಎಷ್ಟು ಪ್ರಯತ್ನ ಮಾಡಿದ್ರೂ ಆಗಲಿಲ್ಲ. ಮರುದಿನ ಟೊಂಕ ಹಿಡೀತು. ಅಳಿಯನ ಜೋಡಿ ಒಮ್ಮೆ ಪೂರಾ 18 ಕುಣಿ ಆಡಬೇಕಂತ ಆಸೆ ಅದ. ಮನ್ಯಾಗ ಹೆಂಗ ಕಲೀಲಿ? ಯಾನ್ ಕೊಳ್ಳಲಿ?

ಕಲಬುರಗಿ ಮಾಜಿ ಸೈನಿಕ:
ಮಾಸ್ತರ್ರೆ, ನಾನು ನಲವತ್ತರ ಮ್ಯಾಲ ಕಲಿತವ. ನಿಮ್ಮ ತಪ್ಪು ನನಗ ಗೊತ್ತಾತು: ಚೆಂಡು ಎತ್ತಲಾಕ ಹೋಗಬ್ಯಾಡ್ರಿ. ಐರನ್ ಅಂತಾರಲ್ಲ, ಲೋಹದ ತಲಿ ಇರೋ ಕೋಲು, ಅದರ ಮುಖ ಓರೆ ಇರೋದೇ ಅದಕ್ಕ. ನೀವು ಕೆಳಮುಖ ಹೊಡೀರಿ, ಮೊದಲು ಚೆಂಡು, ಆಮೇಲೆ ನೆಲ. ಚೆಂಡು ತಾನೇ ಏಳ್ತದ.

ನಿಯಮದಾಗ 14 ಕ್ಲಬ್ (ಹೊಡಿಯೋ ಕೋಲು) ತನಕ ಒಯ್ಯಬಹುದು ಅಂತ ಪೂರಾ ಸೆಟ್ ಕೊಳ್ಳಬ್ಯಾಡ್ರಿ. ಒಂದು ಸೆವೆನ್ ಐರನ್ (ಏಳನೇ ನಂಬರಿಂದು), ಕುಣಿ ಹತ್ರ ಚೆಂಡು ಉರುಳಿಸಲಾಕ ಒಂದು ಪಟರ್ ಸಾಕು. ದಾಂಡು ಗ್ರಾಫೈಟಿಂದು ತಗೋರಿ, ಹಗುರ ಇರ್ತದ. ನಿಮ್ಮ ಕಡಿ ನೆಲ ಜಂಬಿಟ್ಟಿಗಿ, ಅದರ ಮ್ಯಾಲ ಹೊಡದ್ರ ಮಣಿಕಟ್ಟು ಹೋಗ್ತದ. ದಪ್ಪ ಮ್ಯಾಟ್ ಹಾಸ್ರಿ, ತೂತಿರೋ ಪ್ಲಾಸ್ಟಿಕ್ ಚೆಂಡು ಹೊಡೀರಿ. ಹೊಲದಾಗ ಖರೇ ಚೆಂಡು ಹೊಡೀಬ್ಯಾಡ್ರಿ, ಯಾರಿಗರ ಬಡದೀತು.

ಅಳಿಯನ ಜೋಡಿ ಆಡೋದಕ್ಕ ಹ್ಯಾಂಡಿಕ್ಯಾಪ್ ಅದ, ಅಂದ್ರ ಆಟ ಕಡಿಮಿ ಬರೋರಿಗಿ ಹೆಚ್ಚು ಏಟಿನ ರಿಯಾಯಿತಿ. ಹೊಸಬರಿಗಿ 54 ತನಕ ಸಿಗ್ತದ. ನಿಮ್ಮದು 54, ಅವರದು 18 ಇದ್ರ 36 ಏಟು ನಿಮಗ ಬಿಟ್ಟುಕೊಡ್ತಾರ, ಕುಣಿಗೆ ಎರಡು. ಲೆಕ್ಕ ನಿಮಗ ಹೇಳೋದು ಬ್ಯಾಡ.

ಯಾದಗಿರಿ ಫಿಸಿಯೋ:
ಸರ್, ಹವ್ಯಾಸಿ ಗಾಲ್ಫ್ ಆಟಗಾರರಲ್ಲಿ ಸೊಂಟನೋವು ಬಹಳ ಸಾಮಾನ್ಯ. ಸೊಂಟದ ಕೀಲು ಮತ್ತು ಎದೆ ತಿರುಗದಿದ್ದರೆ ಭಾರವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಮೊದಲು ಹತ್ತು ನಿಮಿಷ ನಡೆಯಿರಿ, ಹೆಗಲ ಮೇಲೆ ಕೋಲಿಟ್ಟುಕೊಂಡು ನಿಧಾನ ತಿರುಗಿ. ಒಂದೇ ಸಲ ಐವತ್ತು ಬೇಡ, ಇಪ್ಪತ್ತಕ್ಕೆ ನಿಲ್ಲಿಸಿ. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ಡಾಕ್ಟರಿಗೆ ತೋರಿಸಲೇಬೇಕು.

ಬೀದರ್ ಮಾಸ್ತರ:
ಇಬ್ಬರಿಗೂ ಭಾಳ ಉಪಕಾರ ಆತ್ರಿ. ನಾನು ಇಷ್ಟು ದಿನ ಉಲ್ಟಾನೇ ಮಾಡಿದ್ದೆ. ಅಳಿಯ ಕೊಟ್ಟ ಹಳೇ ಪಟರ್ ತಗೊಂಡು ಮುಂಜಾನಿ ಮಾಳಗಿ ಮ್ಯಾಲ ಜಮಖಾನಿ ಹಾಸಿ, ಖಡುದಿಂದ 108 ಮಿಲಿಮೀಟರ್ ವರ್ತುಲ ಹಾಕಿದೆ, ಖರೇ ಕುಣಿ ಅಷ್ಟೇ ಅಗಲ. ಚೆಂಡಿನ ಎರಡೂವರಿ ಪಟ್ಟು ಆಗ್ತದ. ಆರು ಅಡಿಯಿಂದ ಹತ್ತರಾಗ ನಾಲ್ಕು ಕೂತ್ವು. ಸೆವೆನ್ ಐರನ್ ಸಂಕ್ರಾಂತಿಗೆ ತರ್ರಿ ಅಂತ ಮಗಳಿಗಿ ಫೋನ್ ಮಾಡೀನಿ.