ಐವಿ ಬಳ್ಳಿ: ಹೊಸ ಕುಡಿಗಳೆಲ್ಲ ಬರೀ ಹಸಿರು, ಹಳೇ ಎಲೆ ಮಂಕು – ಏನು ಕೊರತೆ?

ಪ್ರಶ್ನೆ
ಬೆಂಗಳೂರು, ಪಶ್ಚಿಮದ ಬಾಲ್ಕನಿ, 8 ಇಂಚಿನ ಪ್ಲಾಸ್ಟಿಕ್ ಕುಂಡ, ಎಲೆಗೆ ಬಿಳಿ ಅಂಚಿರುವ ‘ಗ್ಲೇಸಿಯರ್’ ತಳಿ. ಬಿಸಿಲು ಬೀಳದಿರಲೆಂದು ಗಿಡವನ್ನು ಗೋಡೆ ಮೂಲೆಗೆ ಸರಿಸಿದ್ದೆ. ಈಗ ಏಪ್ರಿಲ್‌ನಲ್ಲಿ ಎರಡು ಕುಡಿಗಳಲ್ಲಿ ಬಿಳಿ ಅಂಚೇ ಇಲ್ಲ. ಹಳೇ ಎಲೆಗಳ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆ. 19:19:19 ಗೊಬ್ಬರ ಕೊಟ್ಟೆ, ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹೊಡೆದೆ. ಇನ್ನೂ ಹೆಚ್ಚಾಗಿದೆ.

ಉತ್ತರ 1
ಕೊರತೆ ಅಲ್ಲ ಸರ್, ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಚುಕ್ಕೆ ಜೇಡನುಸಿಯದು, ಅಂಗಡಿಯಲ್ಲಿ ಮೈಟ್ ಅಂತಾರೆ. ಬಿಳಿ ಹಾಳೆ ಹಿಡಿದು ಎಲೆಯನ್ನು ಅದರ ಮೇಲೆ ತಟ್ಟಿ. ಉದುರಿದ ಚುಕ್ಕಿಗಳು ಹರಿದಾಡಿದರೆ ಖಚಿತ. ಇದು ಕೀಟವಲ್ಲ, ಜೇಡದ ಬಳಗ. ಇಮಿಡಾಕ್ಲೋಪ್ರಿಡ್‌ಗೆ ಬಗ್ಗುವುದಿಲ್ಲ, ಆ ಔಷಧದ ನಂತರ ಹೆಚ್ಚುವುದೂ ಉಂಟು. ಒಣ ಸೆಕೆ, ಗಾಳಿಯಾಡದ ಮೂಲೆ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಗಿಡ ಓರೆ ಮಾಡಿ, ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹಾಯಿಸಿ. ಸಂಜೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 1 ಮಿ.ಲೀ. ದ್ರವ ಸೋಪು ಬೆರೆಸಿ ಅಡಿಭಾಗ ತೊಯ್ಯುವಂತೆ ಸಿಂಪಡಿಸಿ. ಮೊದಲು ಒಂದೆರಡು ಎಲೆಗೆ ಹೊಡೆದು ಒಂದು ದಿನ ನೋಡಿ. ಮೊಟ್ಟೆ ಒಡೆಯುತ್ತಲೇ ಇರುತ್ತವೆ. ಹಾಗಾಗಿ 5 ದಿನಕ್ಕೊಮ್ಮೆ, ಕನಿಷ್ಠ 3 ಸಲ. ಒಂದೇ ಸಲಕ್ಕೆ ನಿಲ್ಲಿಸಿದರೆ ವಾರದಲ್ಲಿ ಮತ್ತೆ ಅದೇ ಕಥೆ. ಚುಕ್ಕೆ ಬಿದ್ದ ಎಲೆ ಮೊದಲಿನಂತಾಗುವುದಿಲ್ಲ, ಹೊಸ ಎಲೆ ನೋಡಿ ಲೆಕ್ಕ ಹಾಕಿ.

ಉತ್ತರ 2
ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ನುಸಿಗೆಂದು ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ.

ಇನ್ನು ಹಸಿರು ಕುಡಿ. ಬಿಳಿ ಭಾಗದಲ್ಲಿ ಪತ್ರಹರಿತ್ತಿಲ್ಲ, ಅದು ಆಹಾರ ತಯಾರಿಸುವುದಿಲ್ಲ. ಪೂರ್ತಿ ಹಸಿರಾದ ಕುಡಿ ಬೇಗ ಬೆಳೆದು ಉಳಿದದ್ದನ್ನು ಮುಚ್ಚಿಬಿಡುತ್ತದೆ. ಗೊಬ್ಬರದಿಂದ ಬಿಳಿ ಮರಳುವುದಿಲ್ಲ. 19:19:19 ಸದ್ಯ ನಿಲ್ಲಿಸಿ. ತುದಿ ಚಿವುಟಿದರೆ ಸಾಲದು. ಆ ಕುಡಿಯನ್ನು ಹಿಂದಕ್ಕೆ ಹಿಡಿದು ಹೋಗಿ, ಬಿಳಿ ಅಂಚಿನ ಎಲೆ ಇರುವ ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಕೈಗವಸು ಇರಲಿ, ಐವಿ ರಸಕ್ಕೆ ಕೆಲವರ ಚರ್ಮ ಉರಿದು ಕೆಂಪಾಗುತ್ತದೆ.

ಪ್ರಶ್ನೆ
ಮೂಲೆಯಿಂದ ತೆಗೆದು ಎಲ್ಲಿಡಲಿ? ನೀರು ದಿನಾ ಹಾಕುತ್ತಿದ್ದೇನೆ.

ಉತ್ತರ 2
ಪಶ್ಚಿಮದ ಬಿಸಿಲಿಗೆ ಬಿಳಿ ಅಂಚು ಕಂದು ಬಣ್ಣಕ್ಕೆ ತಿರುಗಿ ಸುಡುತ್ತದೆ, ಕತ್ತಲಲ್ಲಿ ಬಣ್ಣ ಮಂಕಾಗುತ್ತದೆ. ಅರ್ಧ ಬಿಸಿಲು ತಡೆಯುವ ಶೇ. 50ರ ಹಸಿರು ನೆರಳುಬಲೆ ಕಟ್ಟಿ, ಕಂಬಿಯ ಹತ್ತಿರ ಗಾಳಿಯಾಡುವಲ್ಲಿ ಇಡಿ. ದಿನಾ ನೀರು ಬೇಡ: ಬೆರಳು ಒಂದು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯ ನೀರು ಚೆಲ್ಲಿ. ಮಣ್ಣು ಒದ್ದೆಯಿದ್ದೂ ಬಳ್ಳಿ ಬಾಡಿದ್ದರೆ ಬೇರು ಕೊಳೆತಿರಬಹುದು. ಆಗ ಕುಂಡದಿಂದ ಬಿಡಿಸಿ, ಕಪ್ಪಾದ ಬೇರು ಕತ್ತರಿಸಿ, 2 ಪಾಲು ಕೆಮ್ಮಣ್ಣು, 1 ಪಾಲು ಎರೆಗೊಬ್ಬರ, 1 ಪಾಲು ದಪ್ಪ ಮರಳಿನಲ್ಲಿ ನೆಡಿ.